941ರ ಮೋಹ

ಗಿಗಾಬಿಟ್ ಈಥರ್ನೆಟ್ ಇರುವ ಎರಡು ಲಿನಕ್ಸ್ ಯಂತ್ರಗಳ ನಡುವೆ ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ಓಡಿಸಿದರೆ, ಎಲ್ಲವೂ ಸರಿಯಿದ್ದ ಪಕ್ಷದಲ್ಲಿ, ಹತ್ತು ಸೆಕೆಂಡಿನ ಕೊನೆಗೆ ಪರದೆಯ ಮೇಲೆ ಬಂದು ನಿಲ್ಲುವ ಅಂಕಿ 941. ಸೆಕೆಂಡಿಗೆ ಅಷ್ಟು ಮೆಗಾಬಿಟ್. ದುಬಾರಿ ಸರ್ವರ್ ಆದರೂ ಅಷ್ಟೇ, ಹಳೆಯ ಡೆಸ್ಕ್‌ಟಾಪ್ ಆದರೂ ಬಹುಮಟ್ಟಿಗೆ ಅಷ್ಟೇ. ಡಬ್ಬಿಯ ಮೇಲೆ ಸಾವಿರ ಎಂದು ಬರೆದದ್ದು 941 ಆದದ್ದು ಹೇಗೆಂದು ಅಂಗಡಿಯವನನ್ನು ಕೇಳಿ ಫಲವಿಲ್ಲ, ಆ ಲೆಕ್ಕ ಈಥರ್ನೆಟ್ಟಿನ ಒಳಗೇ ಇದೆ. ಒಂದು ಪ್ಯಾಕೆಟ್ಟಿನಲ್ಲಿ ಹೋಗುವುದು 1500 ಬೈಟ್. ಹೆಡರ್, ಚೆಕ್‌ಸಮ್, ಮುಂಚೆ ಕಳಿಸುವ ಗುರುತು, ಎರಡು ಪ್ಯಾಕೆಟ್‌ಗಳ ನಡುವಿನ ಖಾಲಿ ಜಾಗ ಎಲ್ಲ ಸೇರಿ ತಂತಿಯ ಮೇಲೆ ಅದು ಹಿಡಿಯುವುದು 1538 ಬೈಟಿನ ಜಾಗ. ಆ 1500ರ ಒಳಗೂ ಐಪಿಗೆ 20, ಟಿಸಿಪಿಗೆ 20, ಟೈಮ್‌ಸ್ಟ್ಯಾಂಪಿಗೆ 12 ಕಳೆದರೆ ನಮ್ಮ ಮಾಹಿತಿಗೆ ಉಳಿಯುವುದು 1448. ಅದನ್ನು 1538ರಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ 941.

ಈ ಲೆಕ್ಕ ಗೊತ್ತಿದ್ದವರಿಗೆ ಐಪರ್ಫ್ ಬಹಳ ಮಾತಾಡುತ್ತದೆ. 941 ಬಂತೆಂದರೆ ತಂತಿ ತುಂಬಿ ಹರಿಯುತ್ತಿದೆ, ಪ್ಯಾಕೆಟ್ಟಿನ ರೂಪ ಬದಲಿಸದೆ ಅದಕ್ಕಿಂತ ಮೇಲೆ ಹೋಗಲು ಯಾವ ಟ್ಯೂನಿಂಗೂ ನೆರವಾಗದು. 94 ಬಂತೆಂದರೆ ಲಿಂಕ್ ನೂರಕ್ಕೆ ಇಳಿದಿದೆ. ಗಿಗಾಬಿಟ್‌ಗೆ ಕೇಬಲ್ಲಿನ ನಾಲ್ಕು ಜೊತೆ ತಂತಿಗಳೂ ಬೇಕು, ನೂರಕ್ಕೆ ಎರಡು ಜೊತೆ ಸಾಕು. ಒಂದು ಜೊತೆ ಕೈಕೊಟ್ಟರೆ ಎಷ್ಟೋ ಕಾರ್ಡ್‌ಗಳು ಯಾರಿಗೂ ಹೇಳದೆ ನೂರಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಎಥ್‌ಟೂಲ್ ಎಂಬ ಆಜ್ಞೆ ಒಂದು ಸಾಲಿನಲ್ಲಿ ಇದನ್ನು ಹೇಳಿಬಿಡುತ್ತದೆ, ಕೇಳುವವರು ಕಡಿಮೆ. ಅಂಕಿ 600, 700 ಎಂದು ನಡುವೆ ಎಲ್ಲೋ ತೂಗಾಡುತ್ತಿದ್ದರೆ ಆಗ ನಿಜವಾದ ಹುಡುಕಾಟಕ್ಕೆ ಕಾರಣವಿದೆ.

ನನ್ನ ತಕರಾರು ಐಪರ್ಫ್ ಮೇಲಲ್ಲ, ಅದು ಕೊಟ್ಟ ಅಂಕಿಗೇ ನಿಂತುಬಿಡುವ ಅಭ್ಯಾಸದ ಮೇಲೆ. ಲಿನಕ್ಸ್‌ನಲ್ಲಿ ಲೋಕಲ್ ನೆಟ್‌ವರ್ಕ್ 'ವೇಗ ಹೆಚ್ಚಿಸುವ' ಪದ್ಧತಿ ಇವತ್ತಿಗೂ ನಡೆಯುತ್ತಿರುವುದು ಹೀಗೆ: ಐಪರ್ಫ್ ಓಡಿಸು, ಅಂಕಿ ನೋಡು, ಎಲ್ಲಿಂದಲೋ ತಂದ, ಕರ್ನಲ್ ಹೊಂದಿಕೆ ಬದಲಿಸುವ ಸಿಸ್‌ಸಿಟಿಎಲ್ ಸಾಲುಗಳನ್ನು ಕಾನ್ಫಿಗ್ ಫೈಲಿಗೆ ಅಂಟಿಸು, ಮತ್ತೆ ಐಪರ್ಫ್ ಓಡಿಸು. ಈ ಪದ್ಧತಿ ಬಳಕೆದಾರರ ನಿಜವಾದ ಕಷ್ಟವನ್ನು ಅಳೆಯುವುದೇ ಇಲ್ಲ. ಅಳೆಯದ್ದನ್ನು ಸರಿಪಡಿಸಲು ಹೋಗಿ, ಕರ್ನಲ್ ತಾನಾಗಿ ಚೆನ್ನಾಗಿ ಮಾಡುತ್ತಿದ್ದ ಕೆಲಸವನ್ನೂ ಕೆಡಿಸುತ್ತದೆ.

ಅಳತೆಯ ಎರಡು ಪ್ರಶ್ನೆಗಳು ಹುಟ್ಟಿದ್ದು ಹೆಚ್ಚುಕಡಿಮೆ ಒಂದೇ ಮನೆಯಲ್ಲಿ. ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿಯಲ್ಲಿದ್ದ ಮೈಕ್ ಮ್ಯೂಸ್ 1983ರ ಡಿಸೆಂಬರ್‌ನಲ್ಲಿ ಪಿಂಗ್ ಬರೆದರು. ಹೋಗಿ ಬರಲು ಎಷ್ಟು ಹೊತ್ತು ಎಂಬುದು ಅದರ ಪ್ರಶ್ನೆ. ಮರುವರ್ಷ ಟೆರಿ ಸ್ಲ್ಯಾಟರಿ ಜೊತೆ ಸೇರಿ ಬರೆದ ಟಿಟಿಸಿಪಿಯ ಪ್ರಶ್ನೆ ಬೇರೆ: ಒಂದು ಸೆಕೆಂಡಿನಲ್ಲಿ ಎಷ್ಟು ತುರುಕಬಹುದು? ಇವತ್ತಿನ ಐಪರ್ಫ್ ಈ ಎರಡನೆಯದರ ವಂಶದ್ದು. ಎರಡನ್ನೂ ಒಟ್ಟಿಗೆ, ಅಂದರೆ ತುಂಬ ತುರುಕುತ್ತಿರುವಾಗ ಹೋಗಿ ಬರಲು ಎಷ್ಟು ಹೊತ್ತು ಎಂದು ಕೇಳುವ ರೂಢಿ ಬರಲು ಹೆಚ್ಚುಕಡಿಮೆ ಮೂವತ್ತು ವರ್ಷ ಹಿಡಿಯಿತು. ಆ ಮೂರನೆಯ ಪ್ರಶ್ನೆಯೇ ಮುಖ್ಯ ಎಂಬುದು ನನ್ನ ವಾದ.

ಮೊದಲು ಐಪರ್ಫ್3 ಬಗ್ಗೆ. ಅಮೆರಿಕದ ಇಂಧನ ಇಲಾಖೆಯ ಪ್ರಯೋಗಾಲಯಗಳನ್ನು ಜೋಡಿಸುವ ಇಎಸ್‌ನೆಟ್ ತಂಡ ಹಳೆಯ ಐಪರ್ಫ್ ಬಿಟ್ಟು ಇದನ್ನು ಹೊಸದಾಗಿ ಬರೆಯಿತು. ಕೋಡ್ ಚಿಕ್ಕದು, ಫಲಿತಾಂಶ ಯಂತ್ರವೂ ಓದುವ ರೂಪದಲ್ಲಿ ಬರುತ್ತದೆ, ಲಿನಕ್ಸ್‌ನಲ್ಲಾದರೆ ಪ್ರತಿ ಸೆಕೆಂಡಿನ ಸಾಲಿನಲ್ಲೂ ಎಷ್ಟು ಪ್ಯಾಕೆಟ್ ಮತ್ತೆ ಕಳಿಸಬೇಕಾಯಿತು, ಟಿಸಿಪಿಯ ಕಿಂಡಿ (ವಿಂಡೊ) ಎಷ್ಟು ತೆರೆದಿದೆ ಎಂದು ಕಾಣುತ್ತದೆ. ಬಹಳ ಜನ ಕಣ್ಣೆತ್ತಿ ನೋಡದ ಕಾಲಂಗಳು ಇವೇ. 941 ಬಂದರೂ ಪಕ್ಕದಲ್ಲಿ ಮರುರವಾನೆ ನೂರಾರು ಇದ್ದರೆ ಎಲ್ಲೋ ಸ್ವಿಚ್ಚಿನ ಬಫರ್ ತುಂಬಿ ಚೆಲ್ಲುತ್ತಿದೆ ಎಂದು ಶಂಕಿಸಬೇಕು.

ಆದರೆ ಇದನ್ನು ಬಳಸುವವರಿಗೆ ಬಲೆಗಳೂ ಇವೆ. ಯುಡಿಪಿ ಪರೀಕ್ಷೆಗೆ ವೇಗ ಹೇಳದೆ ಬಿಟ್ಟರೆ ಅದು ಸೆಕೆಂಡಿಗೆ ಒಂದು ಮೆಗಾಬಿಟ್ ಮಾತ್ರ ಕಳಿಸುತ್ತದೆ. 'ಯುಡಿಪಿಯಲ್ಲಿ ಒಂದೇ ಮೆಗಾಬಿಟ್ ಬರ್ತಿದೆ' ಎಂದು ಗಾಬರಿಯಾದವರ ಸಂಖ್ಯೆ ಸಣ್ಣದಲ್ಲ. ಸುಮ್ಮನೆ ಓಡಿಸಿದರೆ ಅಳೆಯುವುದು ಕ್ಲೈಂಟಿನಿಂದ ಸರ್ವರಿನ ದಿಕ್ಕು ಮಾತ್ರ, ತಿರುವಿ ಓಡಿಸುವ ಆಯ್ಕೆ ಕೊಡಬೇಕು. ಹಲವು ಧಾರೆಗಳನ್ನು ಒಟ್ಟಿಗೆ ಓಡಿಸಿದರೂ ಎಲ್ಲವನ್ನೂ ಒಂದೇ ಥ್ರೆಡ್ ನಡೆಸುತ್ತಿತ್ತು. 10 ಗಿಗಾಬಿಟ್ ದಾಟಿದ ಕಡೆ ಜನ ನೆಟ್‌ವರ್ಕ್ ಎಂದುಕೊಂಡು ಅಳೆದದ್ದು ಎಷ್ಟೋ ಸಲ ಪ್ರೊಸೆಸರಿನ ಒಂದು ಕೋರನ್ನು. 2023ರ ಕೊನೆಗೆ ಬಂದ 3.16ರಲ್ಲಿ ಪ್ರತಿ ಧಾರೆಗೆ ಒಂದು ಥ್ರೆಡ್ ಆಯಿತು. ಇನ್ನು ವಿಂಡೋಸ್‌ನಲ್ಲಿ ಐಪರ್ಫ್3 ಓಡಿಸಿ ಲಿನಕ್ಸಿನ ಜೊತೆ ಹೋಲಿಸುವವರಿಗೆ ಒಂದು ಮಾತು. ಅದನ್ನು ಬರೆದವರು ವಿಂಡೋಸಿಗೆ ಅಧಿಕೃತ ಬೆಂಬಲ ಕೊಡುವುದಿಲ್ಲ. ಅಲ್ಲಿ ಓಡುವುದು ಸಿಗ್ವಿನ್ ಎಂಬ ನಡುವಿನ ಪದರದ ಮೇಲೆ. 2024ರಲ್ಲಿ ಮೈಕ್ರೊಸಾಫ್ಟ್ ಕಡೆಯವರೇ ಇದನ್ನು ಬಿಟ್ಟು ತಮ್ಮ ಎನ್‌ಟಿಟಿಸಿಪಿ ಬಳಸಿ ಎಂದು ಬರೆದರು. ಎರಡು ಆಪರೇಟಿಂಗ್ ಸಿಸ್ಟಮ್‌ಗಳ ನಡುವೆ ಐಪರ್ಫ್ ಅಂಕಿ ಹಿಡಿದು ನಡೆದ ಜಗಳಗಳಲ್ಲಿ ಬಹುಪಾಲು ಇದೊಂದರಿಂದಲೇ ಬಿದ್ದುಹೋಗುತ್ತವೆ.

ಎಲ್ಲಕ್ಕಿಂತ ದೊಡ್ಡ ಮಿತಿ ಇನ್ನೊಂದಿದೆ. ಐಪರ್ಫ್ ಮೆಮೊರಿಯಿಂದ ಮೆಮೊರಿಗೆ ಕಳಿಸುತ್ತದೆ. ಅದರ ದಾರಿಯಲ್ಲಿ ಡಿಸ್ಕ್ ಇಲ್ಲ, ಫೈಲ್ ಹಂಚುವ ಸಾಂಬಾ ಇಲ್ಲ, ಗೂಢಲಿಪಿ ಇಲ್ಲ. ಆ ದಾರಿ ಚೊಕ್ಕವಾಗಿದ್ದ ಮಾತ್ರಕ್ಕೆ ನಿಮ್ಮ ಕೆಲಸ ಹೋಗುವ ದಾರಿ ಚೊಕ್ಕವಾಗಿದೆ ಎಂದಲ್ಲ.

ಪರಿಚಯದವರೊಬ್ಬರ ಫೋಟೊ ಸ್ಟುಡಿಯೊ ಇದಕ್ಕೆ ಒಳ್ಳೆಯ ಉದಾಹರಣೆ. ಮದುವೆ ಆಲ್ಬಮ್ ಅವರ ಮುಖ್ಯ ಕೆಲಸ. ಲಿನಕ್ಸ್ ಸರ್ವರಿನ ಮೇಲೆ ಸಾಂಬಾ ಹಾಕಿ ಚಿತ್ರಗಳನ್ನೆಲ್ಲ ಅಲ್ಲಿ ಇಟ್ಟಿದ್ದರು. ಎಡಿಟಿಂಗ್ ಯಂತ್ರಗಳು ತಂತಿಯಲ್ಲಿ, ಗ್ರಾಹಕರಿಗೆ ತೋರಿಸುವ ಲ್ಯಾಪ್‌ಟಾಪ್ ವೈಫೈನಲ್ಲಿ. "ಬಂದವರೆಲ್ಲ ನೆಟ್‌ವರ್ಕ್ ಸರಿಯಿದೆ ಅಂತಾರೆ ಸಾರ್, ಲ್ಯಾಪ್‌ಟಾಪಲ್ಲಿ ಒಂದು ಫೋಟೊ ತೆಗೆಯೋಷ್ಟ್ರಲ್ಲಿ ಗಿರಾಕಿ ಫೋನ್ ನೋಡ್ತಾ ಕೂತಿರ್ತಾರೆ" ಎಂಬುದು ಅವರ ದೂರು. ಐಪರ್ಫ್ ತಂತಿಯ ಮೇಲೆ 941 ಹೇಳಿತು, ವೈಫೈ ಮೇಲೂ ಮರ್ಯಾದಸ್ಥ ಅಂಕಿಯನ್ನೇ ಕೊಟ್ಟಿತು. ಸಾಂಬಾದ ಕಾನ್ಫಿಗ್ ತೆಗೆದರೆ ಅಲ್ಲಿ ಸಾಕೆಟ್ ಆಯ್ಕೆಗಳ ಸಾಲು: ಕಳಿಸುವ ಬಫರ್ 8192, ಪಡೆಯುವ ಬಫರ್ 8192. ಯಾರೋ ಒಬ್ಬರು ವೇಗಕ್ಕೆಂದೇ ಸೇರಿಸಿ ಹೋದದ್ದು.

ಈ ಸಾಲು ಏನು ಮಾಡುತ್ತದೆಂದು ಲೆಕ್ಕ ಹಾಕೋಣ. ಬಫರ್ 8 ಕಿಲೋಬೈಟ್ ಎಂದರೆ, ಅಷ್ಟು ಕಳಿಸಿ ಆ ಕಡೆಯಿಂದ ತಲುಪಿತೆಂಬ ಉತ್ತರ ಬರುವವರೆಗೆ ಕೈಕಟ್ಟಿ ಕೂರಬೇಕು. ತಂತಿಯ ಮೇಲೆ ಹೋಗಿ ಬರಲು 0.3 ಮಿಲಿಸೆಕೆಂಡ್ ಎಂದಿಟ್ಟುಕೊಂಡರೆ ಮಿತಿ ಸುಮಾರು 218 ಮೆಗಾಬಿಟ್. ಅದು ತಂತಿಯ ಕಾಲು ಪಾಲೂ ಅಲ್ಲ, ಆದರೂ ಬೈದುಕೊಳ್ಳದೆ ಸಹಿಸಿಕೊಳ್ಳುವಷ್ಟು ವೇಗ. ವೈಫೈನಲ್ಲಿ ಅದೇ ಸಮಯ 3 ಮಿಲಿಸೆಕೆಂಡ್ ಆದರೆ ಮಿತಿ 22 ಮೆಗಾಬಿಟ್ಟಿಗೆ ಕುಸಿಯುತ್ತದೆ. 25 ಮೆಗಾಬೈಟಿನ ಒಂದು ರಾ ಫೈಲ್ ತೆರೆಯಲು ಒಂಬತ್ತು ಸೆಕೆಂಡ್. ಗಿರಾಕಿ ಫೋನ್ ನೋಡದೆ ಇನ್ನೇನು ಮಾಡಬೇಕು? ಈ ಸಾಲು ಇಲ್ಲದಿದ್ದರೆ ಲಿನಕ್ಸ್ ಪ್ರತಿ ಸಂಪರ್ಕಕ್ಕೂ ಬಫರನ್ನು ತಾನೇ ಬೆಳೆಸಿಕೊಳ್ಳುತ್ತದೆ. ಪಡೆಯುವ ಕಡೆ ಬಹುಕಾಲ ರೂಢಿಯಲ್ಲಿದ್ದ ಮಿತಿ 6 ಮೆಗಾಬೈಟ್. ಪ್ರೋಗ್ರಾಮ್ ತಾನೇ ಒಂದು ಅಳತೆ ಹೇಳಿದ ಕೂಡಲೇ ಕರ್ನಲ್ ಆ ಸಂಪರ್ಕದಲ್ಲಿ ಬಫರ್ ಬೆಳೆಸುವುದನ್ನು ನಿಲ್ಲಿಸುತ್ತದೆ. ಸಾಂಬಾದ ಕೈಪಿಡಿಯೇ ಈ ಬಗ್ಗೆ ಎಚ್ಚರಿಸುತ್ತದೆ. ಸಾಲು ಅಳಿಸಿ ಸಾಂಬಾ ಮರುಚಾಲನೆ ಮಾಡಿದ್ದಷ್ಟೇ ಅಲ್ಲಿ ನಡೆದ ಟ್ಯೂನಿಂಗ್.

ಇಂಥ ಸಾಲುಗಳು ಹುಟ್ಟಿದಾಗ ಸುಳ್ಳಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಕರ್ನಲ್ ಬಫರನ್ನು ತಾನೇ ಹೊಂದಿಸಿಕೊಳ್ಳದಿದ್ದ ಕಾಲದಲ್ಲಿ ಅವಕ್ಕೆ ಅರ್ಥವಿತ್ತು. ಕಾಲ ಹೋಯಿತು, ಸಾಲು ಉಳಿಯಿತು.

ಸಿಸ್‌ಸಿಟಿಎಲ್ ಪಟ್ಟಿಗಳ ಕಥೆಯೂ ಇದೇ, ಇನ್ನಷ್ಟು ಕೆಟ್ಟದಾಗಿ. ಈ ಪಟ್ಟಿಗಳ ಮೊದಲ ಐಟಂ ಸಾಮಾನ್ಯವಾಗಿ ಬಫರನ್ನು 16 ಅಥವಾ 64 ಮೆಗಾಬೈಟಿಗೆ ಏರಿಸುವುದು. ಇದರ ಮೂಲ ಹಿಡಿದು ಹೋದರೆ ಇಎಸ್‌ನೆಟ್ಟಿನಂಥವರು ಖಂಡಾಂತರ ಸಂಪರ್ಕಕ್ಕೆ ಕೊಟ್ಟ ಸಲಹೆ ಸಿಗುತ್ತದೆ. ಅವರಿಗೆ ಅದು ಬೇಕು. ಹೋಗಿ ಬರಲು 200 ಮಿಲಿಸೆಕೆಂಡ್ ಬೇಕಾದ ಗಿಗಾಬಿಟ್ ದಾರಿಯಲ್ಲಿ ಯಾವುದೇ ಕ್ಷಣ ದಾರಿಯ ಮೇಲೆಯೇ 25 ಮೆಗಾಬೈಟ್ ಇರುತ್ತದೆ, ಅಷ್ಟು ಬಫರ್ ಇಲ್ಲದಿದ್ದರೆ ದಾರಿ ತುಂಬುವುದಿಲ್ಲ. ಆದರೆ ನಿಮ್ಮ ಕೋಣೆಯ ಸ್ವಿಚ್ಚಿನ ಆಚೆಯ ಯಂತ್ರಕ್ಕೆ? ಸೆಕೆಂಡಿಗೆ ಒಂದು ಗಿಗಾಬಿಟ್, 0.3 ಮಿಲಿಸೆಕೆಂಡ್, ಗುಣಿಸಿದರೆ 37.5 ಕಿಲೋಬೈಟ್. 6 ಮೆಗಾಬೈಟೇ ಅದರ ನೂರೈವತ್ತು ಪಟ್ಟಿಗಿಂತಲೂ ಹೆಚ್ಚು. ಅದನ್ನು 64 ಮಾಡಿ ಐಪರ್ಫ್ ಓಡಿಸಿದರೆ ಮತ್ತೆ 941 ಬರುತ್ತದೆ, ಮೊದಲೂ ಅಷ್ಟೇ ಇತ್ತು. ನಗು ಬರುವುದು ಎಲ್ಲೆಂದರೆ ಕೆಲವು ಪಟ್ಟಿಗಳು ಏರಿಸುವ ಕೋರ್ ಮಟ್ಟದ ಆರ್‌ಮೆಮ್ ಗರಿಷ್ಠ ಮಿತಿಗೂ ಟಿಸಿಪಿ ತಾನೇ ಬೆಳೆಯುವ ಮಿತಿಗೂ ಸಂಬಂಧವೇ ಇಲ್ಲ. ಅದು ಪ್ರೋಗ್ರಾಮ್ ಬಾಯಿಬಿಟ್ಟು ಕೇಳಿದಾಗಿನ ಮಿತಿ.

ಹಾನಿ ಮಾಡದ ಸಲಹೆಗಳು ಇವು. ಹಾನಿ ಮಾಡಿದವೂ ಇವೆ. 'ಟಿಸಿಪಿ ಟಿಡಬ್ಲ್ಯು ರಿಸೈಕಲ್' ಎಂಬ ಸ್ವಿಚ್ಚನ್ನು ಆನ್ ಮಾಡಿ ಎಂದು ವರ್ಷಗಟ್ಟಲೆ ಪಟ್ಟಿಗಳು ಹೇಳುತ್ತ ಬಂದವು. ಒಂದೇ ರೂಟರಿನ ಹಿಂದೆ, ಒಂದೇ ಹೊರವಿಳಾಸದಡಿ ಇರುವ ಎರಡು ಯಂತ್ರಗಳ ಟೈಮ್‌ಸ್ಟ್ಯಾಂಪುಗಳು ಬೇರೆ ಬೇರೆ ಇರುತ್ತವೆ. ಈ ಸ್ವಿಚ್ ಆನ್ ಇದ್ದ ಸರ್ವರ್ ಅವುಗಳಲ್ಲಿ ಒಂದರ ಸಂಪರ್ಕವನ್ನು ಹಳೆಯದೆಂದು ತಿಳಿದು ಸದ್ದಿಲ್ಲದೆ ಎಸೆಯುತ್ತದೆ. ಒಬ್ಬರಿಗೆ ಸೈಟ್ ತೆರೆಯುತ್ತದೆ, ಪಕ್ಕದ ಮೇಜಿನವರಿಗೆ ಇಲ್ಲ. ಇದನ್ನು ಹುಡುಕಲು ಕೂತವರ ಪಾಡು ದೇವರಿಗೇ ಪ್ರೀತಿ. ಕೊನೆಗೆ 2017ರಲ್ಲಿ 4.12 ಕರ್ನಲ್ ಆ ಸ್ವಿಚ್ಚನ್ನೇ ಕಿತ್ತು ಹಾಕಿತು. 'ಟಿಸಿಪಿ ಲೋ ಲೇಟೆನ್ಸಿ' ಎಂಬ ಇನ್ನೊಂದು ಸ್ವಿಚ್ ಇಂದಿಗೂ ಇದೆ, ಒತ್ತಿದರೆ ಏನೂ ಆಗುವುದಿಲ್ಲ, ಅದರ ಹಿಂದಿದ್ದ ಕೋಡನ್ನು ತೆಗೆದು ವರ್ಷಗಳಾದವು. ಪಟ್ಟಿಗಳಲ್ಲಿ ಮಾತ್ರ ಅದು ಇನ್ನೂ ಜೀವಂತ. ಬ್ರೆಂಡನ್ ಗ್ರೆಗ್ ತಮ್ಮ 'ಸಿಸ್ಟಮ್ಸ್ ಪರ್ಫಾರ್ಮೆನ್ಸ್' ಪುಸ್ತಕದಲ್ಲಿ ತೊಂದರೆ ಹೋಗುವವರೆಗೆ ಕೈಗೆ ಸಿಕ್ಕಿದ್ದನ್ನು ಬದಲಿಸುತ್ತ ಹೋಗುವುದಕ್ಕೆ ಆಂಟಿ-ಮೆಥಡ್‌ಗಳ ಸಾಲಿನಲ್ಲಿ ಜಾಗ ಕೊಟ್ಟಿದ್ದಾರೆ. ಪಟ್ಟಿ ಅಂಟಿಸುವವರು ಆ ಮಟ್ಟಕ್ಕೂ ಏರುವುದಿಲ್ಲ. ಬದಲಿಸಿದ್ದರಿಂದ ಏನಾಯಿತೆಂದು ನೋಡುವ ಗೋಜಿಗೂ ಅವರು ಹೋಗುವುದಿಲ್ಲ.

ಜಂಬೋ ಫ್ರೇಮ್ ಬಗ್ಗೆ ಎರಡೇ ಮಾತು. ಪ್ಯಾಕೆಟ್ ಅಳತೆ 9000 ಮಾಡಿದರೆ 941 ಎನ್ನುವುದು 990 ಆಗುತ್ತದೆ, ಶೇಕಡಾ ಐದರ ಲಾಭ. ದಾರಿಯ ಒಂದೇ ಒಂದು ಸ್ವಿಚ್ ಒಪ್ಪದಿದ್ದರೆ ಲಾಗಿನ್ ಆಗುತ್ತದೆ, ದೊಡ್ಡ ಫೈಲ್ ತೆರೆದ ಕೂಡಲೇ ಎಲ್ಲ ಸ್ತಬ್ಧ. ಪ್ರೊಸೆಸರ್ ಹೊರೆ ಇಳಿಸುವ ಅದರ ಹಳೆಯ ಕಾರಣವನ್ನು ಕಾರ್ಡ್‌ಗಳ ಆಫ್‌ಲೋಡ್ ಎಂದೋ ಕಸಿದುಕೊಂಡಿದೆ. ಮನೆಗೆ, ಸಣ್ಣ ಆಫೀಸಿಗೆ ಬೇಡ.

ಈಗ ಮೂರನೆಯ ಪ್ರಶ್ನೆಗೆ ಬರೋಣ. ಒಬ್ಬರು ಬ್ಯಾಕಪ್ ಹಾಕಿದ ಕೂಡಲೇ ಇನ್ನೊಬ್ಬರ ವಿಡಿಯೊ ಕಾಲ್ ಒಡೆಯುವುದು ಎಲ್ಲರಿಗೂ ಗೊತ್ತಿರುವ ಅನುಭವ. ಥ್ರೂಪುಟ್ ಅಳೆದರೆ ಎಲ್ಲ ಚೆನ್ನಾಗಿದೆ, ಸುಮ್ಮನಿದ್ದಾಗ ಪಿಂಗ್ ಮಾಡಿದರೂ ಚೆನ್ನಾಗಿದೆ. ಎರಡನ್ನೂ ಒಟ್ಟಿಗೆ ಮಾಡಿದಾಗ ಮಾತ್ರ ರೋಗ ಕಾಣುತ್ತದೆ. 2010ರ ಕೊನೆಗೆ ಜಿಮ್ ಗೆಟ್ಟಿಸ್ ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. ಮೆಮೊರಿ ಅಗ್ಗವಾಯಿತೆಂದು ಎಲ್ಲರೂ ಎಲ್ಲೆಡೆ ದೊಡ್ಡ ಬಫರ್ ಇಟ್ಟರು. ಪ್ಯಾಕೆಟ್ ಕಳೆದುಹೋಗುವುದಿಲ್ಲ ಎಂಬ ಸಮಾಧಾನಕ್ಕೆ ಅವು ಸಾಲಿನಲ್ಲಿ ಕೊಳೆಯತೊಡಗಿದವು. ಲಿನಕ್ಸ್ ಇಂಟರ್‌ಫೇಸಿನ ಸಾಲಿನ ಉದ್ದ ರೂಢಿಯಂತೆ ಸಾವಿರ ಪ್ಯಾಕೆಟ್. ರೂಟರಾಗಿ ಕೆಲಸ ಮಾಡುವ ಯಂತ್ರದಲ್ಲಿ ಅದು ತುಂಬಿದರೆ ಗಿಗಾಬಿಟ್ ದಾರಿಯಲ್ಲಿ ಕಾಯುವಿಕೆ 12 ಮಿಲಿಸೆಕೆಂಡ್, ಯಾರಿಗೂ ತಿಳಿಯದು. ನೂರು ಮೆಗಾಬಿಟ್‌ನಲ್ಲಿ 123. ಹತ್ತು ಮೆಗಾಬಿಟ್‌ನಲ್ಲಿ ಒಂದೂಕಾಲು ಸೆಕೆಂಡ್. ಬಫರ್ ಅದೇ, ಬದಲಾದದ್ದು ದಾರಿಯ ಅಗಲ.

ಇದಕ್ಕೆ ಬಂದ ಪರಿಹಾರ, ನನ್ನ ಮಟ್ಟಿಗೆ, ಕಳೆದ ಎರಡು ದಶಕಗಳಲ್ಲಿ ಲಿನಕ್ಸ್ ನೆಟ್‌ವರ್ಕಿಂಗ್ ಕಂಡ ಅತ್ಯುತ್ತಮ ಕೆಲಸ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಪ್ರಕಟಿಸಿದರು. ಸಾಲು ಎಷ್ಟು ಉದ್ದ ಎಂದು ಅದು ಕೇಳುವುದಿಲ್ಲ, ಪ್ಯಾಕೆಟ್ ಸಾಲಿನಲ್ಲಿ ಎಷ್ಟು ಹೊತ್ತು ನಿಂತಿತು ಎಂದು ಕೇಳುತ್ತದೆ. ನಿಂತ ಸಮಯ 5 ಮಿಲಿಸೆಕೆಂಡ್ ಮೀರಿ, ಆ ಸ್ಥಿತಿ 100 ಮಿಲಿಸೆಕೆಂಡ್ ಮುಂದುವರಿದರೆ ಒಂದು ಪ್ಯಾಕೆಟ್ ಎಸೆದು ಕಳಿಸುವವನಿಗೆ ನಿಧಾನಿಸು ಎಂದು ತಿಳಿಸುತ್ತದೆ. ಅದೇ ವರ್ಷ ಎರಿಕ್ ಡ್ಯುಮಾಜೆ ಇದಕ್ಕೆ ಸಾಲುಗಳನ್ನು ಹಂಚುವ ವಿಧಾನ ಸೇರಿಸಿ 3.5 ಕರ್ನಲ್ಲಿಗೆ ಎಫ್‌ಕ್ಯೂ-ಕೋಡೆಲ್ ತಂದರು. ಒಂದೇ ಸಾಲಿನ ಬದಲು 1024 ಸಾಲುಗಳು; ಕಡಿಮೆ ಪ್ಯಾಕೆಟ್ ಕಳಿಸುವವರಿಗೆ ಮೊದಲ ಅವಕಾಶ. ದರ್ಶಿನಿಯಲ್ಲಿ ಒಂದು ಕಾಫಿಗೆ ಬಂದವರನ್ನು ಐವತ್ತು ಪಾರ್ಸಲ್ ಹೇಳಿದವರ ಹಿಂದೆ ನಿಲ್ಲಿಸದಿರುವ ಜಾಣ್ಮೆ ಇದು. ಹೊಂದಿಸಬೇಕಾದ ಗುಂಡಿಗಳು ಇಲ್ಲವೇ ಇಲ್ಲವೆನ್ನಬೇಕು. 2014ರಿಂದ ಸಿಸ್ಟಮ್‌ಡಿ ಇದನ್ನೇ ಡೀಫಾಲ್ಟ್ ಮಾಡಿದ್ದರಿಂದ ಹೆಸರೂ ಕೇಳದ ಜನರ ಯಂತ್ರಗಳಲ್ಲಿ ಇದು ಓಡುತ್ತಿದೆ. ಟ್ಯೂನಿಂಗ್ ಪಟ್ಟಿ ಬರೆಯುವವರಿಗೆ ಬರೆಯಲು ಏನನ್ನೂ ಬಿಡದ್ದೇ ಇದರ ಹೆಗ್ಗಳಿಕೆ.

ಅಳೆಯುವ ಕಡೆ ಇದಕ್ಕೆ ಜೋಡಿಯಾಗಿ ಬಂದದ್ದು ಫ್ಲೆಂಟ್. ಟೋಕೆ ಹೊಯ್‌ಲಂಡ್-ಯೋರ್ಗೆನ್ಸನ್ ಬರೆದ ಈ ಉಪಕರಣ ಹೊರೆ ಹಾಕುವ ನೆಟ್‌ಪರ್ಫ್ ಮತ್ತು ಪಿಂಗನ್ನು ಒಟ್ಟಿಗೆ ಓಡಿಸುತ್ತದೆ. ಡೇವ್ ಟಾಟ್ ರೂಪಿಸಿದ ಆರ್‌ಆರ್‌ಯುಎಲ್ ಪರೀಕ್ಷೆಯಲ್ಲಿ ನಾಲ್ಕು ಧಾರೆ ಮೇಲಕ್ಕೆ, ನಾಲ್ಕು ಕೆಳಕ್ಕೆ, ನಡುವೆ ಹೋಗಿ ಬರುವ ಸಮಯದ ಅಳತೆ. ಗ್ರಾಫ್ ಒಮ್ಮೆ ನೋಡಿದರೆ ಸಾಕು. ಹೊರೆ ಬಿದ್ದ ಕ್ಷಣ ಪಿಂಗ್ ರೇಖೆ ಗೋಡೆಯಂತೆ ಎದ್ದು ಹೊರೆ ಇಳಿಯುವವರೆಗೆ ಮೇಲೆಯೇ ನಿಂತರೆ ಬಫರ್ ಉಬ್ಬಿದೆ. ರೇಖೆ ಅಲುಗಾಡಿ ಮತ್ತೆ ಕೂತರೆ ಸರಿಯಿದೆ. ಥ್ರೂಪುಟ್ ತುಸು ಕಡಿಮೆ ಕಂಡರೂ ನಾನು ಎರಡನೆಯದನ್ನೇ ಆರಿಸುತ್ತೇನೆ. ನೆಟ್‌ವರ್ಕ್ ಬಳಸುವವರು ದಿನವಿಡೀ ಫೈಲ್ ಕಾಪಿ ಮಾಡುತ್ತ ಕೂರುವುದಿಲ್ಲ.

ಆದರೂ ಎಫ್‌ಕ್ಯೂ-ಕೋಡೆಲ್ ಭಕ್ತರು ಹೇಳದ ಒಂದು ಸಂಗತಿ ಇದೆ. ಸಾಲು ಎಲ್ಲಿ ಕಟ್ಟುತ್ತದೋ ಅಲ್ಲಿ ಅದು ಇದ್ದರೆ ಮಾತ್ರ ಪ್ರಯೋಜನ. ಗಿಗಾಬಿಟ್ ಸರ್ವರಿನಿಂದ ನೂರು ಮೆಗಾಬಿಟ್ ಯಂತ್ರಕ್ಕೆ ಕಳಿಸುವಾಗ ಸಾಲು ಕಟ್ಟುವುದು ನಡುವಿನ ಅಗ್ಗದ ಸ್ವಿಚ್ಚಿನಲ್ಲಿ. ಸರ್ವರಿನ ಕರ್ನಲ್‌ಗೆ ಅದು ಕಾಣುವುದೇ ಇಲ್ಲ. ಆ ಸ್ವಿಚ್ ಪಾಝ್ ಫ್ರೇಮ್ ಕಳಿಸಿ ಸರ್ವರನ್ನು ತಡೆದು ನಿಲ್ಲಿಸಿದರೆ, ನಿಧಾನದ ಒಂದು ಯಂತ್ರಕ್ಕಾಗಿ ವೇಗದ ಯಂತ್ರಗಳೆಲ್ಲ ಕಾಯುತ್ತವೆ. ಇದಕ್ಕೆ ಸಾಫ್ಟ್‌ವೇರಿನಲ್ಲಿ ಪರಿಹಾರ ಹುಡುಕುವುದಕ್ಕಿಂತ ಆ ನೂರರ ಕಾರ್ಡ್ ಬದಲಿಸುವುದು ಅಗ್ಗ.

ವೈಫೈ ಬೇರೆಯೇ ಲೋಕ. ಅಲ್ಲಿ ಹಂಚಬೇಕಾದದ್ದು ಪ್ಯಾಕೆಟ್ಟಲ್ಲ, ಗಾಳಿಯಲ್ಲಿನ ಸಮಯ. ದೂರದ ಕೋಣೆಯ ಹಳೆಯ ಫೋನ್ ನಿಧಾನದ ದರದಲ್ಲಿ ಒಂದು ಪ್ಯಾಕೆಟ್ ಕಳಿಸುವ ಹೊತ್ತಿಗೆ ಹತ್ತಿರದ ಲ್ಯಾಪ್‌ಟಾಪ್ ಹತ್ತಾರು ಕಳಿಸಬಹುದಿತ್ತು. ಸರದಿ ಮಾತ್ರ ಸಮ ಎಂದರೆ ಎಲ್ಲರೂ ಫೋನಿನ ವೇಗಕ್ಕೆ ಇಳಿಯುತ್ತಾರೆ. 2017ರಲ್ಲಿ ಟೋಕೆ ಮತ್ತು ಸಂಗಡಿಗರು ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧ ಲಿನಕ್ಸ್‌ನಲ್ಲಿ ಗಾಳಿಯ ಸಮಯವನ್ನು ಸಮವಾಗಿ ಹಂಚುವ ಬಗೆ ತೋರಿಸಿತು. ಡ್ರೈವರ್ ಅದನ್ನು ಬೆಂಬಲಿಸಬೇಕು, ಎಲ್ಲ ಚಿಪ್‌ಗಳದ್ದೂ ಬೆಂಬಲಿಸುವುದಿಲ್ಲ. ಲ್ಯಾಪ್‌ಟಾಪಿನ ಕಡೆ ಇದಕ್ಕಿಂತ ಸರಳವಾದ ಒಂದು ಕಾರಣವೂ ಇರುತ್ತದೆ: ವೈಫೈ ಪವರ್ ಸೇವ್. ಬ್ಯಾಟರಿ ಉಳಿಸಲು ರೇಡಿಯೊ ನಿದ್ದೆ ಹೋಗುತ್ತದೆ, ಬೀಕನ್‌ಗೆ ಎಚ್ಚರಗೊಳ್ಳುತ್ತದೆ. ಬೀಕನ್ ಬರುವುದು ಸುಮಾರು 100 ಮಿಲಿಸೆಕೆಂಡಿಗೊಮ್ಮೆ. ಲ್ಯಾಪ್‌ಟಾಪಿಗೆ ಪಿಂಗ್ ಮಾಡಿ ಸಮಯ 3, 80, 5, 97 ಎಂದು ಕುಣಿಯುತ್ತಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ. ಪ್ಲಗ್‌ನಲ್ಲಿದ್ದಾಗ ಆಫ್ ಮಾಡಿದರೆ ಎಸ್‌ಎಸ್‌ಎಚ್‌ನಲ್ಲಿ ಟೈಪ್ ಮಾಡುವವರಿಗೆ ಸಿಗುವ ಹಿತ ಯಾವ ಸಿಸ್‌ಸಿಟಿಎಲ್ ಸಾಲಿನಿಂದಲೂ ಸಿಗದು.

ಫ್ಲೆಂಟ್ ಬಗ್ಗೆ ನನ್ನ ದೂರೂ ಇದೆ. ಅದರ ಗ್ರಾಫ್ ಸಂಶೋಧಕರಿಗೆ ಮಾಡಿದ್ದು. ಸ್ಟುಡಿಯೊದವರಿಗೆ ತೋರಿಸಿದರೆ ಮುಖ ನೋಡುತ್ತಾರೆ. ಓಡಿಸಲು ಆ ತುದಿಯಲ್ಲಿ ನೆಟ್‌ಪರ್ಫ್ ಸರ್ವರ್ ಬೇಕು. ಹಾಗೆ ನೋಡಿದರೆ ಅಳತೆಯ ಸಾಮಗ್ರಿ ಲಿನಕ್ಸ್‌ನಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಇದೆ, ಆದರೆ ಚದುರಿಹೋಗಿದೆ. ಒಂದೊಂದು ಸಂಪರ್ಕದ ಕಿಂಡಿ, ಹೋಗಿ ಬರುವ ಸಮಯ, ಮರುರವಾನೆ ಬೇಕೆಂದರೆ ಎಸ್‌ಎಸ್. ಸಾಲಿನಲ್ಲಿ ಎಸೆದದ್ದಕ್ಕೆ ಟಿಸಿ. ಒಟ್ಟು ಲೆಕ್ಕಕ್ಕೆ ಎನ್‌ಸ್ಟ್ಯಾಟ್. ಕೇಬಲ್ಲಿನ ಆರೋಗ್ಯಕ್ಕೆ ಎಥ್‌ಟೂಲ್. ಆ ಎಥ್‌ಟೂಲಿನ ಕೌಂಟರುಗಳ ಹೆಸರೂ ಡ್ರೈವರಿನಿಂದ ಡ್ರೈವರಿಗೆ ಬೇರೆ. ಒಂದು ಕಾರ್ಡಿನಲ್ಲಿ ಸಿಆರ್‌ಸಿ ದೋಷ ಎಂದು ನೇರವಾಗಿ ಕಾಣುವುದು ಇನ್ನೊಂದರಲ್ಲಿ ಬೇರಾವುದೋ ಹೆಸರಿನಡಿ ಅಡಗಿರುತ್ತದೆ. ಐಪರ್ಫ್ ಕೊಡುವುದು ಒಂದೇ ಅಂಕಿ, ಸಿಸ್‌ಸಿಟಿಎಲ್ ಪಟ್ಟಿ ಅಂಟಿಸಲು ಬೇಕಾದ್ದು ಒಂದೇ ನಿಮಿಷ. ಉಳಿದದ್ದನ್ನು ನಾಲ್ಕು ಕಡೆಯಿಂದ ಹೆಕ್ಕಿ ತಂದು ಓದಬೇಕು. ಕರ್ನಲ್ ಬರೆಯುವವರು ಡೀಫಾಲ್ಟುಗಳ ಮೇಲೆ ಹಾಕಿದ ಶ್ರದ್ಧೆಯ ಅರ್ಧದಷ್ಟನ್ನು ಡಿಸ್ಟ್ರಿಬ್ಯೂಷನ್‌ಗಳನ್ನು ಕಟ್ಟುವವರು ಈ ಹೆಕ್ಕುವ ಕೆಲಸದ ಮೇಲೆ ಹಾಕಿದ್ದರೆ, ಆ 8192ರ ಸಾಲನ್ನು ಸ್ಟುಡಿಯೊದವರೇ ಮೊದಲ ವಾರದಲ್ಲಿ ಅಳಿಸಿರುತ್ತಿದ್ದರು.